ಅಡ್ಡ ಇಟ್ಟ ಮರದ ತುಂಡು

ನಮ್ಮ ಮನೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ತಿಪಟೂರಿನಂಥ ಊರಿನಲ್ಲಿ, ತೋಟದ ಮನೆಯಲ್ಲಿ, ಕೊಬ್ಬರಿ ಮೂಟೆಗಳ ಪಕ್ಕ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಬಂದವರೆಲ್ಲ ಕೇಳುತ್ತಾರೆ. 2015ರಲ್ಲಿ ನನ್ನ ಅತ್ತೆ ತಮ್ಮ ಪಾಲಿನ ಕೊಬ್ಬರಿ ಮಾರಿ ಬಂದ ದುಡ್ಡಿನಿಂದ ಮೊಮ್ಮಗನಿಗೆ ಕೊಡಿಸಿದ್ದು ಅದು. ಆಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗ ಯಾರೋ ಬಳಸಿದ್ದನ್ನು ಅಲ್ಲಿಂದಲೇ ಕೊಂಡು ತಂದ. ಪೆಟ್ಟಿಗೆ ತೆರೆದಾಗ ಅತ್ತೆ ಎರಡೂ ಕೈಯಲ್ಲಿ ಎತ್ತಿ ನೋಡಿ, "ಇದಕ್ಕೆ ಹೊಟ್ಟೇನೇ ಇಲ್ವಲ್ಲೋ, ನಾದ ಎಲ್ಲಿಂದ ಬರುತ್ತೆ?" ಎಂದರು. ಸೋರೆ ಬುರುಡೆಯ ತಂಬೂರಿ ಕಂಡವರ ಪ್ರಶ್ನೆ, ನ್ಯಾಯವಾದದ್ದೇ. ಕರೆಂಟಿನಿಂದ ಬರುತ್ತೆ ಅಜ್ಜಿ ಎಂದ ಮಗ. "ಹಾಗಾದ್ರೆ ನಮ್ಮೂರಲ್ಲಿ ನುಡಿಸಿದ ಹಾಗೇ ಇದೆ" ಎಂದು ನಕ್ಕು, ಅರಿಶಿನ ಕುಂಕುಮ ಹಚ್ಚಿ ಕೊಟ್ಟರು.

ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಗಿಟಾರ್ ಇಲ್ಲಿಯೇ ಉಳಿಯಿತು. ಹಳೆಯ ಸೀರೆಯೊಂದನ್ನು ಹೊದೆಸಿ ಇಟ್ಟಿದ್ದೆ. 2024ರ ದೀಪಾವಳಿಗೆ ನಾಲ್ಕು ದಿನ ರಜ ಹಾಕಿ ಬಂದವನು ಎಣ್ಣೆನೀರಾದ ಮೇಲೆ ಸೀರೆ ಸರಿಸಿ ನೋಡಿದ. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ಹೊಸ ತಂತಿಯ ಪೊಟ್ಟಣ ತಂದೇ ಇದ್ದ. ನಡುಮನೆಯಲ್ಲಿ ಚಾಪೆ ಹಾಸಿ ಗಿಟಾರನ್ನು ಮಗುವಿನಂತೆ ಮಲಗಿಸಿ ಕೂತ. ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಎದುರಿಗೆ ಕೂತೆ. ಮಕ್ಕಳು ದೊಡ್ಡವರಾದ ಮೇಲೆ ಅವರ ಎದುರು ಸುಮ್ಮನೆ ಕೂರಲು ತಾಯಂದಿರಿಗೆ ಒಂದು ನೆಪ ಬೇಕಾಗುತ್ತದೆ.

ಹುಡುಗಿಯಾಗಿದ್ದಾಗ ನಾಲ್ಕು ವರ್ಷ ವೀಣೆ ಕಲಿತವಳು ನಾನು. ತಂತಿ ಬದಲಿಸುವುದು ನನಗೆ ಹೊಸ ವಿದ್ಯೆಯೇನಲ್ಲ. ವೀಣೆಗೆ ಏಳು ತಂತಿ, ಮೇಲೆ ನಾಲ್ಕು, ಪಕ್ಕದಲ್ಲಿ ತಾಳದ ಮೂರು. ಒಂದು ಹೋದರೆ ಅದೊಂದನ್ನು ಬಿಚ್ಚಿ, ಹೊಸದನ್ನು ಕಟ್ಟಿ, ಬಿರಡೆ ತಿರುಗಿಸಿ ಶ್ರುತಿ ಸೇರಿಸಿದರೆ ಮುಗಿಯಿತು. ಕುದುರೆ ನಿಂತಲ್ಲೇ ನಿಂತಿರುತ್ತದೆ. ಸಾರಣಿಯ ಕಷ್ಟ ಮಂದ್ರಕ್ಕೆ ಗೊತ್ತಾಗುವುದಿಲ್ಲ. ಇವನು ನೋಡಿದರೆ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ಸೈಕಲ್ ಅಂಗಡಿಯಲ್ಲಿರುವಂಥ ಅಲೆನ್ ಕೀಗಳು, ಸೂಜಿ ಆಡುವ ಟ್ಯೂನರ್, ಜೊತೆಗೆ ಒಂದು ಮರದ ತುಂಡು, ಇಷ್ಟನ್ನೂ ಹರವಿಕೊಂಡಿದ್ದ. ತಂತಿ ಕಟ್ಟುವುದಕ್ಕೆ ಇಷ್ಟೊಂದು ಸಾಮಾನೇಕೋ ಎಂದೆ. "ಅಮ್ಮ, ಇದರ ಬ್ರಿಡ್ಜ್ ನಿಮ್ಮ ವೀಣೆ ಕುದುರೆ ಹಾಗೆ ನಿಂತಿಲ್ಲ, ತೇಲ್ತಾ ಇದೆ" ಎಂದ.

ತೇಲುವುದೆಂದರೇನು ಎಂಬುದನ್ನು ಅವನು ತೋರಿಸಿದ ಮೇಲೆ ನನಗೆ ತಿಳಿಯಿತು. ಎರಡು ಗಟ್ಟಿ ಮೊಳೆಗಳಿಗೆ ಚಾಕುವಿನ ಬಾಯಂಥ ಅಂಚನ್ನು ಆನಿಸಿ ನಿಲ್ಲಿಸಿದ ಉಕ್ಕಿನ ತಟ್ಟೆ ಅದು. ಮುಂದಿನಿಂದ ಆರು ತಂತಿಗಳು ಅದನ್ನು ತಮ್ಮ ಕಡೆಗೆ ಎಳೆಯುತ್ತವೆ. ಗಿಟಾರಿನ ಬೆನ್ನಿನಲ್ಲಿ ಕೊರೆದ ಗೂಡಿನೊಳಗಿಂದ ಮೂರು ಸ್ಪ್ರಿಂಗುಗಳು ಎದುರು ಎಳೆಯುತ್ತವೆ. ಎರಡೂ ಎಳೆತ ಸಮವಾದರೆ ತಟ್ಟೆ ಮಟ್ಟಸವಾಗಿ ಗಾಳಿಯಲ್ಲಿ ನಿಂತಿರುತ್ತದೆ. ಆಧಾರವೆಂದರೆ ಎರಡು ಕಡೆಯ ಎಳೆದಾಟವೇ. ಆರು ತಂತಿಗಳದೂ ಸೇರಿ ಸುಮಾರು 38 ಕಿಲೋ ಎಳೆತವಿರುತ್ತದೆಯಂತೆ, ಅದೂ ತೆಳ್ಳನೆಯ ತಂತಿಯಾದರೆ. ಒಂದೂವರೆ ಮೂಟೆ ಅಕ್ಕಿಯನ್ನು ಆ ಅಂಗೈಯಗಲದ ತಟ್ಟೆಗೆ ತೂಗುಹಾಕಿದಂತೆ.

ಏಕಿಷ್ಟು ಪಾಡು ಎಂದರೆ, ತಟ್ಟೆಗೊಂದು ಕೈಹಿಡಿ ಇದೆ. ಅದನ್ನು ಒತ್ತಿದರೆ ಆರು ತಂತಿಯ ಸ್ವರವೂ ಒಟ್ಟಿಗೆ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಇದಕ್ಕೆ ಟ್ರೆಮೊಲೊ ಎಂದು ಹೆಸರು. ಹೆಸರೇ ತಪ್ಪು ಎಂದ ಮಗ. ಪಾಶ್ಚಾತ್ಯ ಸಂಗೀತದಲ್ಲಿ ಟ್ರೆಮೊಲೊ ಎಂದರೆ ದನಿಯ ಜೋರು ಏರಿಳಿಯುವುದು, ಇಲ್ಲಿ ಏರಿಳಿಯುವುದು ಸ್ವರ. ಅದಕ್ಕೆ ವೈಬ್ರಟೊ ಎನ್ನಬೇಕು. 1954ರ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನಿಂದ ಈ ತಪ್ಪು ಹೆಸರು ಗಟ್ಟಿಯಾಗಿ ಅಂಟಿಕೊಂಡಿದೆ. (ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಒಮ್ಮೆ ತಪ್ಪಾಗಿ ಬಿದ್ದ ಹೆಸರು ಹುಡುಗಿಯ ಮದುವೆಯ ಕಾಗದದವರೆಗೂ ಹೋಗುವುದನ್ನು ಕಂಡಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ.) ಆದರೆ ಆ ಕೈಹಿಡಿಯನ್ನು ಜೋರಾಗಿ ಆಡಿಸಿದರೆ ತಂತಿಗಳು ಜಾರಿ ಶ್ರುತಿ ಕೆಡುತ್ತಿತ್ತು. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ಗಿಟಾರ್ ವಾದಕ ಇದಕ್ಕೆ ಉಪಾಯ ಕಂಡುಹಿಡಿದ. ತಂತಿಯ ಎರಡು ತುದಿಯನ್ನೂ ಲೋಹದ ಹಲ್ಲಿನಲ್ಲಿ ಕಚ್ಚಿಸಿ ಸ್ಕ್ರೂ ಬಿಗಿದುಬಿಡುವುದು. 1979ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಹೀಗೆ ಬಿಗಿದ ಮೇಲೆ ಕೊರಳಿನ ತುದಿಯ ಬಿರಡೆಗಳು ನಿವೃತ್ತರಾದ ಹೆಡ್‌ಮಾಸ್ಟರರಂತೆ. ಎಷ್ಟು ತಿರುಗಿಸಿದರೂ ಒಳಗೆ ಏನೂ ಆಗುವುದಿಲ್ಲ. ಸಣ್ಣಪುಟ್ಟ ಹೆಚ್ಚುಕಡಿಮೆಗೆ ತಟ್ಟೆಯ ಮೇಲೇ ಆರು ಪುಟ್ಟ ತಿರುಪುಗಳಿರುತ್ತವೆ.

ಮಗ ಕೊರಳಿನ ಬಿಗಿಗಳನ್ನು ಬಿಚ್ಚಿ ಒಂದೇ ಒಂದು ತಂತಿಯನ್ನು, ಎಲ್ಲಕ್ಕಿಂತ ದಪ್ಪನೆಯದನ್ನು, ಸಡಿಲಿಸಿದ. "ಈಗ ಮಿಕ್ಕಿದ್ದನ್ನ ಕೇಳು" ಎಂದು ಉಳಿದ ಐದನ್ನು ಒಂದೊಂದಾಗಿ ಮೀಟಿದ. ಸೂಜಿ ನೋಡುವ ಅಗತ್ಯವೇ ಇರಲಿಲ್ಲ. ಐದೂ ಏರಿದ್ದವು.

"ಅವನ್ನ ನೀನು ಮುಟ್ಟಲೇ ಇಲ್ಲವಲ್ಲೋ!"

"ಮುಟ್ಟಬೇಕಾಗಿಲ್ಲ ಅಮ್ಮ. ಒಂದು ಸಡಿಲ ಆಯ್ತು, ಸ್ಪ್ರಿಂಗ್ ಗೆದ್ದು ತಟ್ಟೇನ ಹಿಂದಕ್ಕೆ ಎಳೀತು. ಮಿಕ್ಕಿದ್ದರ ಮೇಲೆ ಭಾರ ಬಿತ್ತು. ಹೊಸದನ್ನ ಹಾಕಿ ಬಿಗಿದರೆ ಇವೆಲ್ಲ ಇಳಿಯುತ್ತವೆ."

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅಪಸ್ವರ ಬಂದರೆ ಯಾವ ತಂತಿಯಿಂದ ಬಂತು ಎಂದು ಹುಡುಕಿ, ಅದರ ಕಿವಿ ಹಿಂಡುವುದನ್ನೇ ನ್ಯಾಯವೆಂದು ತಿಳಿದುಕೊಂಡಿದ್ದೆ. ತಾನೇನೂ ಮಾಡದ ತಂತಿಯೂ ಏರಿಬಿಡಬಹುದು ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಅತ್ತೆ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಎಲ್ಲರ ದನಿಯೂ ಒಂದೊಂದು ಮನೆ ಏರಿತ್ತು. ಉಪ್ಪು ಹೆಚ್ಚಾದರೆ ಜಗಳ, ಬಾಗಿಲು ಹಾಕಿದರೆ ಜಗಳ. ಮನೆಯಲ್ಲಿ ದಪ್ಪ ತಂತಿ ಅವರೇ ಆಗಿದ್ದರು. ಅವರಿದ್ದಾಗ ಅವರಿಂದಲೇ ಜಗಳ ಎಂದುಕೊಂಡಿದ್ದೆ, ಅದೂ ಸುಳ್ಳಲ್ಲ.

ಬದಲಿಸುವುದಕ್ಕೆ ಎರಡು ದಾರಿ ಇದೆಯಂತೆ. ಒಂದು ಸಲಕ್ಕೆ ಒಂದು ತಂತಿ ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಹಾಕಿ, ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗುವುದು. ಹೀಗೆ ಮಾಡಿದರೆ ತಟ್ಟೆ ಸ್ವಲ್ಪ ಸ್ವಲ್ಪವೇ ಓಲಾಡುತ್ತದೆ, ಬೀಳುವುದಿಲ್ಲ. ಆದರೆ ಆರೂ ಆದ ಮೇಲೆ ಮೊದಲನೆಯದು ಕೆಟ್ಟಿರುತ್ತದೆ. ಅದನ್ನು ಸರಿ ಮಾಡಿದರೆ ನಾಲ್ಕನೆಯದು ಕೆಡುತ್ತದೆ. ನಾಲ್ಕೈದು ಸುತ್ತು ಬಂದು ಬಂದು ಹತ್ತಿರ ಹತ್ತಿರ ಸೇರಿಸಬೇಕು. ಇನ್ನೊಂದು ದಾರಿ, ತಟ್ಟೆಯ ಹಿಂಭಾಗಕ್ಕೂ ಗಿಟಾರಿನ ಮೈಗೂ ನಡುವೆ ಸರಿಯಾದ ದಪ್ಪದ ಮರದ ತುಂಡೊಂದನ್ನು ಅಡ್ಡ ಇಟ್ಟುಬಿಡುವುದು. ಆಮೇಲೆ ಆರನ್ನೂ ಒಟ್ಟಿಗೆ ತೆಗೆಯಬಹುದು. ಸ್ಪ್ರಿಂಗ್ ಎಷ್ಟು ಎಳೆದರೂ ತಟ್ಟೆ ಹಿಂದಕ್ಕೆ ಕುಸಿಯುವುದಿಲ್ಲ.

ಅವನ ಹತ್ತಿರ ಇದ್ದ ತುಂಡನ್ನು ಎತ್ತಿ ನೋಡಿದೆ. ಎರಡು ಚೂರು ಮರವನ್ನು ಒಂದರ ಮೇಲೊಂದಿಟ್ಟು ಟೇಪ್ ಸುತ್ತಿದ್ದ. ಪಕ್ಕದಲ್ಲಿ ಗೀಟುಗಳೂ 7, 8 ಎಂಬ ಅಂಕಿಗಳೂ ಕಂಡವು. ನನ್ನ ಮರದ ಸ್ಕೇಲು! ಯಾವ ಕಾಲದಲ್ಲಿ ಕಳೆದುಹೋಯಿತೆಂದು ಏಳನೇ ತರಗತಿಯ ಒಬ್ಬ ಹುಡುಗನನ್ನು ನಾನು ವಿಚಾರಿಸಿಕೊಂಡದ್ದೂ ನೆನಪಾಯಿತು.

ಈ ಸಲ ಸ್ವಲ್ಪ ದಪ್ಪನೆಯ ತಂತಿ ತಂದಿದ್ದ. ಮೊದಲಿನದು ಇಂಚಿನ ಸಾವಿರದಲ್ಲಿ ಒಂಬತ್ತು ಭಾಗದಿಂದ ಶುರುವಾಗುವ ಸೆಟ್, ಇದು ಹತ್ತರಿಂದ ಶುರುವಾಗುವುದು. ಆ ಒಂದು ಅಂಕಿಯ ವ್ಯತ್ಯಾಸಕ್ಕೆ ಒಟ್ಟು ಎಳೆತ 46-47 ಕಿಲೋಗೆ ಏರುತ್ತದೆ. ಹಾಗಾಗಿ ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗುಗಳನ್ನು ಕಚ್ಚಿಕೊಂಡಿರುವ ಎರಡು ಸ್ಕ್ರೂಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಗಿದ. ಮರದ ತುಂಡು ಇಟ್ಟ. ಹಳೆಯ ತಂತಿಗಳನ್ನು ಬಿಚ್ಚುತ್ತಾ ಹೋದ. ಐದು, ನಾಲ್ಕು, ಮೂರು. ಕೊನೆಯದನ್ನೂ ತೆಗೆದ. ತಟ್ಟೆ ಒಂದು ಕೂದಲೆಳೆಯೂ ಅಲುಗಲಿಲ್ಲ.

"ಅದಕ್ಕೆ ಗೊತ್ತೇ ಆಗ್ಲಿಲ್ಲವಲ್ಲೋ" ಎಂದೆ.

"ಗೊತ್ತಾಗಬಾರ್ದು ಅಂತಾನೇ ಅಲ್ವಾ ಅಮ್ಮ ಬ್ಲಾಕ್ ಇಡೋದು."

ಅವನು ತಲೆ ಎತ್ತದೆ ಸಹಜವಾಗಿಯೇ ಹೇಳಿದ. ನನ್ನ ಕೈ ಮಾತ್ರ ಮೊರದಲ್ಲಿ ನಿಂತುಹೋಯಿತು.

2017ರಲ್ಲಿ ಅವನು ಪರೀಕ್ಷೆ ಬರೆಯುತ್ತಿದ್ದಾಗ ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆ ಸೇರಿ ಒಂಬತ್ತನೆಯ ದಿನ ಹೋಗಿಬಿಟ್ಟರು. ಮಗನಿಗೆ ಇನ್ನೂ ಮೂರು ಪೇಪರ್ ಬಾಕಿ ಇತ್ತು. ಅವನಿಗೆ ಹೇಳುವುದು ಬೇಡ ಎಂದು ನಿರ್ಧರಿಸಿದವಳು ನಾನು. ಬಿದ್ದದ್ದನ್ನೂ ಹೇಳಿರಲಿಲ್ಲ, ಹೋದದ್ದನ್ನೂ ಹೇಳಲಿಲ್ಲ. ನಮ್ಮ ಮನೆಯವರು "ನಿನಗೆ ಹೇಗೆ ತೋಚುತ್ತೋ ಹಾಗೆ" ಎಂದು ಗೋಡೆಯ ಕಡೆ ತಿರುಗಿದರು. ತಾಯಿಯನ್ನು ಕಳೆದುಕೊಂಡ ಮನುಷ್ಯನಿಗೆ ಆ ಹೊತ್ತಿನಲ್ಲಿ ಇನ್ನೇನು ತೋಚಬೇಕು?

ಸುಳ್ಳೊಂದನ್ನು ಹೇಳುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ, ವಾಟ್ಸಾಪಿನ ಮನೆಯವರ ಗುಂಪಿನಲ್ಲಿ ಯಾರೂ ಏನೂ ಹಾಕಬೇಡಿ ಎಂದು ಕೇಳಿಕೊಂಡೆ. ಅವನ ವಾರಗೆಯ ಹುಡುಗರಿಂದ ಆಣೆ ಮಾಡಿಸಿಕೊಂಡೆ. ಎಲ್ಲರೂ ಹೆಗಲು ಕೊಟ್ಟರು. ಹೆಣಕ್ಕೆ ಹೆಗಲು ಕೊಟ್ಟವರೇ ಸುಳ್ಳಿಗೂ ಕೊಟ್ಟರು. ಅವನು ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದ. ಕೊನೆಯಲ್ಲಿ "ಅಜ್ಜಿಗೆ ಕೊಡು" ಎನ್ನುವುದು ರೂಢಿ. ಮಲಗಿದಾರೆ ಎಂದೆ. ಮರುದಿನ ಪಕ್ಕದ ಮನೆಗೆ ಹೋಗಿದಾರೆ ಎಂದೆ. ಮತ್ತೊಂದು ದಿನ ಗಂಟಲು ಕಟ್ಟಿದೆ, ಮಾತು ಬರೋಲ್ಲ ಎಂದೆ. ಅವರನ್ನು ತೋಟದಲ್ಲಿ ಮಣ್ಣು ಮಾಡಿ ಅವತ್ತಿಗೆ ನಾಲ್ಕನೆಯ ದಿನ. "ಸರಿ, ಬಿಸಿನೀರು ಕುಡಿಯೋಕೆ ಹೇಳು" ಎಂದ. ಹೇಳ್ತೀನಿ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಇವತ್ತಿಗೂ ನನಗೆ ಕೇಳಿಸುತ್ತದೆ.

ಕೊನೆಯ ಪೇಪರ್ ಮುಗಿಸಿ ಆರನೆಯ ದಿನ ಊರಿಗೆ ಬಂದ. ಬಸ್‌ಸ್ಟ್ಯಾಂಡಿಗೆ ನಾನೇ ಹೋದೆ. ಮನೆ ಬಾಗಿಲಲ್ಲಿ ಜನರನ್ನು ನೋಡಿ ತಿಳಿಯುವುದು ಬೇಡ ಎಂದು ಅಲ್ಲಿಯೇ, ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತು, ಒಂದೇ ಉಸಿರಿಗೆ ಹೇಳಿದೆ. ಅವನು ಅಳಲಿಲ್ಲ. "ಯಾವತ್ತು?" ಎಂದ. ಹೇಳಿದೆ. ಬೆರಳು ಮಡಚಿ ಎಣಿಸಿದ. ಯಾವ ಯಾವ ರಾತ್ರಿ ನಾನು ಏನೇನು ಹೇಳಿದ್ದೆ ಎಂದು ಅವನು ಲೆಕ್ಕ ಹಾಕುತ್ತಿದ್ದಾನೆಂದು ನನಗೆ ತಿಳಿಯಿತು. ಆ ವರ್ಷ ಒಳ್ಳೆಯ ಅಂಕಗಳೇ ಬಂದವು. ಆಮೇಲೆ ಒಂದು ವರ್ಷ ಅವನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಲಿಲ್ಲ. ಮಾಡುತ್ತಿದ್ದ, ಬೇರೆ ಹೊತ್ತಿನಲ್ಲಿ.

ನಾನು ಮಾಡಿದ್ದು ಹೊಸದೇನಲ್ಲ. 1996ರಲ್ಲಿ, ಇದೇ ಮಗ ಹೊಟ್ಟೆಯಲ್ಲಿ ಏಳು ತಿಂಗಳು ತುಂಬಿದ್ದಾಗ, ಚಿಕ್ಕನಾಯಕನಹಳ್ಳಿಯಲ್ಲಿ ನನ್ನ ತಂದೆ ತೀರಿಕೊಂಡರು. ಅಣ್ಣ ತಂತಿ ಕಳಿಸಿದ್ದ. ಆಗ ಸಾವಿನ ಸುದ್ದಿ ತಂತಿಯಲ್ಲಿಯೇ ಬರುತ್ತಿದ್ದುದು. ದೇಶದಲ್ಲಿ ಆ ತಂತಿಯೇ ಈಗ ಇಲ್ಲ, 2013ರಲ್ಲಿ ನಿಂತಿತು. ನಾನು ಶಾಲೆಯಲ್ಲಿದ್ದಾಗ ಬಂದ ಆ ಕಾಗದವನ್ನು ಅತ್ತೆ ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟರು. ನಮ್ಮ ಮನೆಯವರು ಅರಸೀಕೆರೆ ಸಂತೆಗೆಂದು ಹೇಳಿ ನನ್ನ ತಂದೆಯ ಮಣ್ಣಿಗೆ ಹೋಗಿಬಂದರು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ನನ್ನ ತವರು ಅಳುತ್ತಿದ್ದಾಗ ನಾನು ಇಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಹನ್ನೊಂದು ಕಳೆದ ಮೇಲೆ ಹೇಳಿದರು. ನಾನು ಕೂಗಾಡಿದಾಗ ಅತ್ತೆ, "ಹೋದವರನ್ನ ನೋಡ್ಲಾ, ಬರೋರನ್ನ ನೋಡ್ಲಾ?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಲು ನನಗಾಗಲಿಲ್ಲ. ಅವರನ್ನು ಕ್ಷಮಿಸಲು ಎಷ್ಟೋ ವರ್ಷ ಬೇಕಾಯಿತು. ಕ್ಷಮಿಸಿದೆನೋ ಇಲ್ಲವೋ, ಅವರ ಸಾವಿನಲ್ಲಿ ಅವರದೇ ಉಪಾಯವನ್ನು ಬಳಸಿದೆ.

ಸುಳ್ಳು ಹೇಳಬಹುದೇ ಎಂಬುದು ದೊಡ್ಡವರೆಲ್ಲ ತಲೆ ಕೆಡಿಸಿಕೊಂಡ ಪ್ರಶ್ನೆ. ಜರ್ಮನಿಯ ಕಾಂಟ್ 1797ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ವಾದಿಸುತ್ತಾನೆ. ಆ ಮಹಾನುಭಾವ ಮದುವೆಯಾಗಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಅಜ್ಜಿಯನ್ನು ಕೇಳುವ ಮಗ ಅವನಿಗಿರಲಿಲ್ಲ. ಧರ್ಮರಾಯ ಅಶ್ವತ್ಥಾಮನ ಸಾವಿನ ಅರ್ಧ ಸುಳ್ಳು ಹೇಳಿದಾಗ ನೆಲ ಮುಟ್ಟದ ಅವನ ರಥ ನೆಲಕ್ಕಿಳಿಯಿತು ಎನ್ನುತ್ತದೆ ಭಾರತ. ನಮ್ಮ ರಥಗಳು ಮೊದಲಿನಿಂದಲೂ ನೆಲದ ಮೇಲೇ ಇವೆ.

ನನ್ನನ್ನು ನಿಜವಾಗಿ ಚುಚ್ಚಿದ್ದು ಇವರಾರೂ ಅಲ್ಲ, ಪುಣ್ಯಕೋಟಿ. ಎಷ್ಟು ತರಗತಿಗಳಿಗೆ ಆ ಹಾಡನ್ನು ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಹುಲಿಗೆ ಕೊಟ್ಟ ಮಾತಿಗೆ ತಪ್ಪದ ಹಸು ಎಂದೇ ಪಾಠ ಮಾಡುತ್ತೇವೆ, ಪ್ರಶ್ನೆಯನ್ನೂ ಹಾಗೆಯೇ ಕೇಳುತ್ತೇವೆ. ಆದರೆ ಹುಲಿಯ ಹತ್ತಿರ ಹಿಂತಿರುಗುವ ಮೊದಲು ಅದು ದೊಡ್ಡಿಗೆ ಬಂದು ಕರುವಿಗೆ ಹಾಲು ಕೊಟ್ಟು, ತಾನು ಸಾಯಲು ಹೋಗುತ್ತಿದ್ದೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಮೇಯಲು ಹೋಗಿ ಬರುತ್ತೇನೆ ಎನ್ನಬಹುದಾಗಿತ್ತು. ಕರು ನಂಬುತ್ತಿತ್ತು. ಹುಲಿಗೆ ಸತ್ಯ ಹೇಳುವುದಕ್ಕಿಂತ ಕರುವಿಗೆ ಸತ್ಯ ಹೇಳುವುದು ಕಷ್ಟ ಎಂಬುದನ್ನು ನಾನು ಯಾವ ತರಗತಿಯಲ್ಲೂ ಹೇಳಿಕೊಟ್ಟಿಲ್ಲ.

ಆದರೂ ನನ್ನ ಪರವಾಗಿ ನಾನೇ ವಾದಿಸಿಕೊಳ್ಳುತ್ತಿದ್ದೆ, ಅವತ್ತು ಮಗನ ಎದುರು ಅಕ್ಕಿ ಆರಿಸುತ್ತಾ. ಅಡ್ಡ ಒಂದು ಮರದ ತುಂಡಿಟ್ಟು ಕೆಲಸ ಮುಗಿಯುವ ತನಕ ತಟ್ಟೆಯನ್ನು ಕಾಪಾಡುವುದು ತಪ್ಪಾದರೆ ಇವನೇಕೆ ಇಟ್ಟುಕೊಂಡಿದ್ದಾನೆ? ನೋಡುತ್ತಾ ಕೂತಂತೆ ಎರಡು ವ್ಯತ್ಯಾಸಗಳು ಕಂಡವು. ಗಿಟಾರ್ ಅವನದು. ಅವನ ಗಿಟಾರಿಗೆ ಅವನೇ ತುಂಡು ಇಟ್ಟುಕೊಂಡಿದ್ದ. ನಾನು ಇನ್ನೊಬ್ಬರ ಎದೆಯೊಳಗೆ ಅವರನ್ನು ಕೇಳದೆ ಇಟ್ಟಿದ್ದೆ. ಇಪ್ಪತ್ತೊಂದು ವರ್ಷದ ಹುಡುಗನ ಪೇಪರ್, ಇಪ್ಪತ್ತೊಂದು ವರ್ಷದ ಹುಡುಗನ ಅಜ್ಜಿ. ಯಾವುದು ಹೋಗಲಿ ಎಂದು ಆರಿಸುವ ಅಧಿಕಾರ ಅವನದಾಗಿತ್ತು. ಬಸುರಿಯಾಗಿದ್ದ ನನ್ನದೂ ಆಗಿತ್ತಲ್ಲವೇ? ಇನ್ನೊಂದು, ತಟ್ಟೆಗೆ ಆಮೇಲೆ ವಿಷಯ ತಿಳಿಯುವುದಿಲ್ಲ. ಮನುಷ್ಯರಿಗೆ ಒಂದಲ್ಲ ಒಂದು ದಿನ ತಿಳಿಯುತ್ತದೆ. ತಿಳಿದ ದಿನ ಸಾವು ಒಂದೇ ಅಲ್ಲ, ತಾನು ನಕ್ಕ ಆ ಆರು ದಿನಗಳೂ ಒಟ್ಟಿಗೆ ಮೇಲೆ ಬೀಳುತ್ತವೆ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಆ ಕ್ಷಣವೇ ಹೇಳಿಬಿಡಬೇಕು ಎನ್ನುವವಳೂ ನಾನಲ್ಲ. ಪರೀಕ್ಷೆಯ ಕೋಣೆಯ ಒಳಗೆ ಬರೆಯುತ್ತಾ ಕೂತ ಮಗುವನ್ನು ಎಬ್ಬಿಸಿ ಹೇಳುವವರಿಗೆ ಬುದ್ಧಿ ಇದೆ ಎನ್ನಲಾರೆ. ಮೂರು ಗಂಟೆ ಮುಚ್ಚಿಡುವುದು ಬೇರೆ, ಆರು ದಿನ ಮುಚ್ಚಿಡುವುದು ಬೇರೆ. ಗೆರೆ ಎಲ್ಲಿ ಎಂದು ಕೇಳಿದರೆ ನನ್ನ ಹತ್ತಿರ ಅಳತೆ ಇಲ್ಲ. ಇದ್ದ ಸ್ಕೇಲನ್ನೂ ಇವನು ಮುರಿದುಕೊಂಡಿದ್ದಾನೆ.

ಅಷ್ಟರಲ್ಲಿ ಮಗ ಹೊಸ ತಂತಿಗಳ ತುದಿಯ ಗುಂಡುಗಳನ್ನು ಕತ್ತರಿಸಿ, ತಟ್ಟೆಯ ಹಲ್ಲುಗಳಿಗೆ ಕಚ್ಚಿಸಿ, ಕೊರಳಿನ ಮೇಲೆ ಹಾಯಿಸಿ ಬಿರಡೆಗೆ ಸುತ್ತಿದ್ದ. ಶ್ರುತಿ ಮಾಡುವುದು ಈಗ ನನ್ನ ವೀಣೆಯಷ್ಟೇ ಸಲೀಸಾಗಿತ್ತು. ಒಂದು ತಂತಿ ಬಿಗಿದರೆ ಇನ್ನೊಂದು ಇಳಿಯುತ್ತಿರಲಿಲ್ಲ. ಪ್ರತಿಯೊಂದನ್ನೂ ಬೆರಳಿನಿಂದ ಮೇಲೆತ್ತಿ ಎಳೆದು, ಇಳಿದದ್ದನ್ನು ಮತ್ತೆ ಏರಿಸಿದ. ಹೊಸ ತಂತಿ ಹಿಗ್ಗುವುದು ನಿಲ್ಲುವ ಮೊದಲೇ ಕೊರಳಿನ ಸ್ಕ್ರೂ ಬಿಗಿದರೆ ಆಮೇಲೆ ಪುಟ್ಟ ತಿರುಪುಗಳು ಸಾಲದೆ ಎಲ್ಲ ಬಿಚ್ಚಬೇಕಾಗುತ್ತದೆಯಂತೆ. ಆರೂ ಸೂಜಿಗೆ ಸರಿ ಬಂದ ಮೇಲೆ, ಸರಿ ಹೋಯಿತಲ್ಲ, ಇನ್ನು ತುಂಡು ತೆಗೆ ಎಂದೆ.

"ಎಳೆದು ತೆಗೀಬಾರ್ದು. ಹಿಂದೆ ಸ್ಪ್ರಿಂಗ್ ಜಾಸ್ತಿ ಬಿಗಿ ಇದೆ. ಈಗ ಕಿತ್ತರೆ ತಟ್ಟೆ ಒಂದೇ ಸಲ ಕುಸಿದು ಆರೂ ಕೆಡುತ್ತೆ."

ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಾಡಿಕೊಂಡು ಬೆನ್ನಿನ ಎರಡು ಸ್ಕ್ರೂಗಳನ್ನು ಕಾಲು ಸುತ್ತು, ಕಾಲು ಸುತ್ತು ಸಡಿಲಿಸತೊಡಗಿದ. ಪ್ರತಿ ಸಲವೂ ತುಂಡನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡುತ್ತಿದ್ದ. ಇನ್ನೂ ಗಟ್ಟಿ. ಇನ್ನೂ ಗಟ್ಟಿ. ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಉಸಿರಿಗೆ ಹೇಳಿದ್ದು ನೆನಪಾಗಿ ನಾನು ಕೇಳಿಬಿಟ್ಟೆ. ಏಳು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಮಾತು.

"ಅಜ್ಜಿ ಹೋದಾಗ ನಿನಗೆ ಹೇಳಬೇಕಿತ್ತೇನೋ?"

ಅವನ ಕೈ ನಿಲ್ಲಲಿಲ್ಲ. "ಹೇಳಿದ್ರೆ ಪೇಪರ್ ಹೋಗ್ತಿತ್ತು" ಎಂದ. ಇನ್ನೊಂದು ಕಾಲು ಸುತ್ತು. "ಹೋಗಿದ್ರೆ ಹೋಗ್ತಿತ್ತು, ಅಮ್ಮ. ಆರು ತಿಂಗಳಿಗೆ ಇನ್ನೊಂದು ಸಲ ಬರೀತಿದ್ದೆ." ಮತ್ತೆ ಸ್ವಲ್ಪ ಹೊತ್ತಿಗೆ, "ನೀನು ಫೋನಲ್ಲಿ ಅಷ್ಟು ಚೆನ್ನಾಗಿ ಮ್ಯಾನೇಜ್ ಮಾಡಿದೆಯಲ್ಲ, ಅದು. ಈಗಲೂ ನೀನು ಹುಷಾರಾಗಿದೀನಿ ಅಂದ್ರೆ ನಾನು ಒಂದು ಸಲ ಯೋಚನೆ ಮಾಡ್ತೀನಿ."

ಆ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಏಕೆಂದರೆ ನಾನು ಹುಷಾರಾಗಿರಲಿಲ್ಲ. ದೀಪಾವಳಿಗೆ ಹದಿನೈದು ದಿನ ಮುಂಚೆ ಡಾಕ್ಟರು ಸ್ಕ್ಯಾನ್ ನೋಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಸಿ ಪರೀಕ್ಷೆಗೆ ಕಳಿಸುವುದು ಒಳ್ಳೆಯದು ಎಂದಿದ್ದರು. ಡಿಸೆಂಬರಿಗೆ ದಿನ ಗೊತ್ತಾಗಿತ್ತು. (ಗಾಬರಿ ಬೇಡ, ಇದನ್ನು ಬರೆಯುವ ಹೊತ್ತಿಗೆ ಎಲ್ಲ ಮುಗಿದು ನೆಟ್ಟಗೆ ಓಡಾಡಿಕೊಂಡಿದ್ದೇನೆ.) ಮಗ ಹೊಸ ಕಂಪೆನಿಗೆ ಸೇರಿ ಎರಡು ತಿಂಗಳಾಗಿತ್ತು. ಅವನಿಗೆ ಆಮೇಲೆ ಹೇಳಿದರಾಯಿತು, ತಂಗಿ ಬಂದು ನಾಲ್ಕು ದಿನ ಇರುತ್ತಾಳೆ ಎಂದು ಎಲ್ಲ ಏರ್ಪಾಡೂ ಆಗಿತ್ತು. ಸ್ಕ್ಯಾನಿನ ಲಕೋಟೆ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಅಕ್ಕಿ ಡಬ್ಬದ ಬದಲು ಬೀರು, ಅಷ್ಟೇ ವ್ಯತ್ಯಾಸ. ಇದು ನನ್ನ ದೇಹ, ನನ್ನ ಸುದ್ದಿ, ಹೇಳುವುದೂ ಬಿಡುವುದೂ ನನ್ನ ಅಧಿಕಾರ ಎಂದು ವಾದ ಹೂಡಬಹುದು. ಹೂಡಿಯೂ ಇದ್ದೆ. ಜೊತೆಗೆ ಗಂಡುಮಗನ ಎದುರು ಗರ್ಭಕೋಶ ಎಂಬ ಮಾತನ್ನು ಆಡುವುದಾದರೂ ಹೇಗೆ? ಅದರೊಳಗಿನಿಂದ ಬಂದವನೇ ಅವನಾದರೂ, ನಮ್ಮಂಥ ಮನೆಗಳಲ್ಲಿ ಅದನ್ನು "ಹೊಟ್ಟೆ ಆಪರೇಷನ್" ಎಂದು ಮುಗಿಸುತ್ತೇವೆ.

ಮೊರವನ್ನು ಪಕ್ಕಕ್ಕಿಟ್ಟೆ. ನಿಧಾನವಾಗಿಯೇ ಹೇಳಿದೆ. ಮೊದಲು ಹೊಟ್ಟೆನೋವು ಬರುತ್ತಿದ್ದುದನ್ನು, ಆಮೇಲೆ ಡಾಕ್ಟರ ಹತ್ತಿರ ಹೋದದ್ದನ್ನು, ಆಮೇಲೆ ಸ್ಕ್ಯಾನು. ಕೊನೆಗೆ ಗರ್ಭಕೋಶ ಎಂದೂ ಅಂದೆ. ಅವನು ಸ್ಕ್ರೂ ಡ್ರೈವರನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

"ಯಾವತ್ತು?" ಎಂದ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೂ ಅದೇ ಮಾತು. ಈ ಸಲ ಆ ದಿನ ಇನ್ನೂ ಮುಂದಿತ್ತು.

ಹೇಳಿದೆ. ಫೋನ್ ತೆಗೆದು ಅದರಲ್ಲಿ ತಾರೀಖು ನೋಡಿದ. "ಅಪ್ಪಂಗೆ ಗೊತ್ತಾ?"

"ಗೊತ್ತು."

"ಚಿಕ್ಕಮ್ಮಂಗೆ?"

"ಗೊತ್ತು."

"ನಾನೇ ಕೊನೆ" ಎಂದ. ಗಿಟಾರನ್ನು ಮೆಲ್ಲಗೆ ತಿರುಗಿಸಿ ಚಾಪೆಯ ಮೇಲಿಟ್ಟ. ಮರದ ತುಂಡು ಇನ್ನೂ ಕಚ್ಚಿಕೊಂಡೇ ಇತ್ತು, ಇನ್ನೆರಡು ಸುತ್ತು ಬಾಕಿ. "ಒಂದು ವಾರ ರಜ ಹಾಕ್ತೀನಿ" ಎಂದ.

ಬೇಡ ಕಣೋ, ಹೊಸ ಕೆಲಸ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ಅವನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮತ್ತೆ ಕೂತು, ಬೆನ್ನಿನ ಸ್ಕ್ರೂಗೆ ಕೈ ಹಾಕಿದ. ನಾನು ಮೊರ ಎಳೆದುಕೊಂಡೆ. ಅಕ್ಕಿ ಇನ್ನೂ ಅರ್ಧ ಹಾಗೇ ಇತ್ತು.